ರಾತ್ರಿಯ ಬಸ್ಸು, ಮೆಟ್ರೊ ಪಯಣ: ಎಚ್ಚರವನ್ನು ಎಲ್ಲಿ ಖರ್ಚು ಮಾಡಬೇಕು?

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 24. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಕೆಲವು ತಿಂಗಳಾಯಿತು. ಪಾಳಿ ಮುಗಿಯುವುದು ರಾತ್ರಿ ಒಂಬತ್ತೂವರೆಗೆ. ಮಾನ್ಯತಾ ಟೆಕ್ ಪಾರ್ಕ್ ಬಳಿ 500ಡಿ ಬಸ್ಸು ಹತ್ತಿ ಟಿನ್ ಫ್ಯಾಕ್ಟರಿಯಲ್ಲಿ ಇಳಿಯುತ್ತೇನೆ. ಕೆ.ಆರ್. ಪುರ ನಿಲ್ದಾಣದಿಂದ ಮೆಟ್ರೊದಲ್ಲಿ ಹೂಡಿಗೆ ಹೋಗಿ, ಅಲ್ಲಿಂದ ಹತ್ತು ನಿಮಿಷ ನಡೆದು ಪಿಜಿ ಸೇರುತ್ತೇನೆ. ಕಳೆದ ತಿಂಗಳು ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬ ಬೇಕೆಂದೇ ಮೈಗೆ ಒತ್ತಿಕೊಂಡು ನಿಂತಿದ್ದ. ಗೊತ್ತಾದರೂ ನನಗೆ ಬಾಯಿ ಬರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಂದಿನಿಂದ ಯಾರು ಪಕ್ಕಕ್ಕೆ ಬಂದರೂ ಎದೆ ಹೊಡೆದುಕೊಳ್ಳುತ್ತದೆ, ದಾರಿಯುದ್ದಕ್ಕೂ ಎಲ್ಲರನ್ನೂ ಗಮನಿಸುತ್ತಾ ಪಿಜಿ ಸೇರುವಷ್ಟರಲ್ಲಿ ಊಟ ಮಾಡಲೂ ತ್ರಾಣವಿರುವುದಿಲ್ಲ. ಎಲ್ಲರೂ ‘ಹುಷಾರಾಗಿರು’ ಎನ್ನುತ್ತಾರೆ. ಹಾಗಿರುವುದು ಹೇಗೆಂದು ಯಾರೂ ಹೇಳುವುದಿಲ್ಲ. ಅಮ್ಮ ದಾರಿಯುದ್ದಕ್ಕೂ ಫೋನಿನಲ್ಲಿ ಮಾತನಾಡುತ್ತಲೇ ಇರು ಎನ್ನುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ನಾಚಿಕೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇಳಿಯದೆ ಮುಂದಿನ ಯಾವ ಸಲಹೆಯೂ ನಿಮ್ಮ ಕೈಗೆ ಹತ್ತುವುದಿಲ್ಲ. ಹಠಾತ್ ಬೆದರಿಕೆ ಎದುರಾದಾಗ ದೇಹವು ಓಡಿಹೋಗಲು ಇಲ್ಲವೇ ಎದುರಿಸಲು ಸಿದ್ಧವಾಗುತ್ತದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಷ್ಟೇ ಸಹಜವಾದ ಮೂರನೆಯ ಪ್ರತಿಕ್ರಿಯೆಯೊಂದಿದೆ: ಕೈಕಾಲು ಮರಗಟ್ಟಿ, ಗಂಟಲು ಕಟ್ಟಿ, ನಿಂತಲ್ಲೇ ಸ್ತಬ್ಧವಾಗುವುದು. ಅದು ಮನಸ್ಸು ಯೋಚಿಸಿ ಕೈಗೊಳ್ಳುವ ತೀರ್ಮಾನವಲ್ಲವಾದ್ದರಿಂದ ಅದರಲ್ಲಿ ನಿಮ್ಮ ಅಳುಕಾಗಲಿ ಒಪ್ಪಿಗೆಯಾಗಲಿ ಇರಲಿಲ್ಲ. ಕಾನೂನು ಕೂಡ ಈ ಕೃತ್ಯವನ್ನು ‘ಬಸ್ಸಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಬಿಟ್ಟುಬಿಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 74ರ ಪ್ರಕಾರ ಮಹಿಳೆಯ ಘನತೆಗೆ ಕುಂದು ತರುವ ಉದ್ದೇಶದಿಂದ ಬಲಪ್ರಯೋಗ ಮಾಡಿದವನಿಗೆ ಕನಿಷ್ಠ ಒಂದು ವರ್ಷದಿಂದ ಐದು ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದು. ಬೇಡದ ದೈಹಿಕ ಸಂಪರ್ಕವು ಸೆಕ್ಷನ್ 75ರ ಅಡಿಯಲ್ಲಿ ಲೈಂಗಿಕ ಕಿರುಕುಳವೂ ಹೌದು.

ಇನ್ನು ದಣಿವಿನ ವಿಷಯ. ನೀವು ಈಗ ಮಾಡುತ್ತಿರುವುದು ಪಯಣದ ಪ್ರತಿಯೊಂದು ನಿಮಿಷಕ್ಕೂ, ಪ್ರತಿಯೊಂದು ಮುಖಕ್ಕೂ ಸಮನಾಗಿ ಗಮನವನ್ನು ಹಂಚುವ ಕೆಲಸ. ದೀಪದ ಬತ್ತಿಯನ್ನು ಸಂಜೆಯಿಂದಲೇ ಪೂರಾ ಎತ್ತರಿಸಿಟ್ಟರೆ ನಡುರಾತ್ರಿಗೆ ಎಣ್ಣೆ ಉಳಿಯುವುದಿಲ್ಲ. ನಿಮ್ಮ ಪಯಣದಲ್ಲಿ ಎಣ್ಣೆ ತೀರುವುದು ಅದು ನಿಜವಾಗಿಯೂ ಬೇಕಾದ ಕಡೆಯಲ್ಲಿ, ಅಂದರೆ ಹೂಡಿ ನಿಲ್ದಾಣದಿಂದ ಹೊರಬಂದು ನಡೆಯುವ ಆ ಹತ್ತು ನಿಮಿಷಗಳಲ್ಲಿ. ಸಾರ್ವಜನಿಕ ಸಾರಿಗೆಯಲ್ಲಿ ತೊಂದರೆಗಳು ಎಲ್ಲ ಕಡೆಯೂ ಸಮನಾಗಿ ಚೆಲ್ಲಿಕೊಂಡಿರುವುದಿಲ್ಲ. ಜೇಬುಗಳ್ಳತನ ನಡೆಯುವುದು ಹೆಚ್ಚಾಗಿ ಹತ್ತುವ ಇಳಿಯುವ ನೂಕುನುಗ್ಗಲಿನಲ್ಲಿ. ಮೊಬೈಲ್ ಕಿತ್ತುಕೊಳ್ಳುವುದು ಬಾಗಿಲು, ಕಿಟಕಿ ಮತ್ತು ರಸ್ತೆಯ ಅಂಚಿನಲ್ಲಿ. ಮೈಮುಟ್ಟುವ ಕಿರುಕುಳ ನಿಂತ ಜನರ ಇಕ್ಕಟ್ಟಿನಲ್ಲಿ. ಹಿಂಬಾಲಿಸುವಿಕೆ ಬಸ್ಸು ಅಥವಾ ರೈಲು ಇಳಿದ ಮೇಲೆ. ಹೀಗಾಗಿ ಹತ್ತುವಾಗ, ನಿಲ್ಲುವ ಜಾಗ ಆರಿಸುವಾಗ, ಇಳಿಯುವಾಗ ಮತ್ತು ನಡೆಯುವಾಗ ಪೂರ್ತಿ ಎಚ್ಚರವಿರಿ. ಸೀಟು ಸಿಕ್ಕಿ ಕುಳಿತ ಮೇಲೆ, ಪ್ರತಿ ನಿಲ್ದಾಣದಲ್ಲೂ ಒಮ್ಮೆ ತಲೆ ಎತ್ತಿ ಯಾರು ಹತ್ತಿದರು, ಯಾರು ಇಳಿದರು ಎಂದು ನೋಡಿದರೆ ಸಾಕು. ಉಳಿದ ಹೊತ್ತು ಮನಸ್ಸಿಗೆ ಬಿಡುವು ಕೊಡಬಹುದು, ಕೊಡಬೇಕು ಕೂಡ.

ಮಾನ್ಯತಾದ ಸ್ಟಾಪಿನಿಂದ ಹೊರಡೋಣ. ‘ನಮ್ಮ ಬಿಎಂಟಿಸಿ’ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆಯೆಂದು ಕಚೇರಿಯ ಒಳಗಿದ್ದಾಗಲೇ ನೋಡಿಕೊಂಡು ಹೊರಟರೆ ಸ್ಟಾಪಿನಲ್ಲಿ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಆ್ಯಪ್ ತೋರಿಸುವ ಸಮಯ ಹಿಂದುಮುಂದಾಗುವುದುಂಟು, ಆದರೂ ಏನೂ ಗೊತ್ತಿಲ್ಲದೆ ನಿಲ್ಲುವುದಕ್ಕಿಂತ ಅದು ಮೇಲು. ಬೆಳಕು ಮತ್ತು ಜನ ಇರುವಲ್ಲಿ, ಸಾಧ್ಯವಾದರೆ ತೆರೆದಿರುವ ಅಂಗಡಿಯ ಕಡೆಗೆ ಬೆನ್ನು ಮಾಡಿ ನಿಂತುಕೊಳ್ಳಿ. ರಸ್ತೆಯ ಅಂಚಿಗೆ ಬಂದು ಮೊಬೈಲ್ ನೋಡುತ್ತಾ ನಿಲ್ಲಬೇಡಿ, ಏಕೆಂದರೆ ಬೈಕಿನಲ್ಲಿ ಬಂದು ಮೊಬೈಲ್ ಕಿತ್ತುಕೊಳ್ಳುವವರಿಗೆ ಬೇಕಾಗಿರುವುದು ಅದೇ. ಬಸ್ಸು ಕಾಣಿಸಿಕೊಳ್ಳುತ್ತಿದ್ದಂತೆ ಮೊಬೈಲನ್ನು ಚೀಲದ ಒಳಜೇಬಿಗೆ ಸೇರಿಸಿ, ಚೀಲವನ್ನು ಬೆನ್ನಿನಿಂದ ಎದೆಗೆ ತನ್ನಿ. ಟಿಕೆಟ್ಟಿಗೆ ತೋರಿಸಬೇಕಾದ ಗುರುತಿನ ಚೀಟಿ ಮಾತ್ರ ಕೈಗೆ ಸಿಗುವಂತಿರಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಚಿಲ್ಲರೆ ಹುಡುಕುವ ಗೋಜು ತಪ್ಪಿದೆಯಾದರೂ, ಗುರುತಿನ ಚೀಟಿಗಾಗಿ ಇಡೀ ಪರ್ಸನ್ನೇ ಹೊರತೆಗೆಯುವ ಅಭ್ಯಾಸ ಅನೇಕರಲ್ಲಿ ಬೆಳೆದಿದೆ, ಅದು ಒಳ್ಳೆಯದಲ್ಲ.

ಜೇಬುಗಳ್ಳರ ಕೈಚಳಕದ ಬಗ್ಗೆ ಎರಡು ಮಾತು. ಅವರಲ್ಲಿ ಹೆಚ್ಚಿನವರು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಬ್ಬ ಫುಟ್‌ಬೋರ್ಡಿನ ಮೇಲೆ ಏನನ್ನೋ ಬೀಳಿಸಿಕೊಂಡವನಂತೆ ಅಥವಾ ಬಸ್ಸು ಎಲ್ಲಿಗೆ ಹೋಗುತ್ತದೆಂದು ವಿಚಾರಿಸುವವನಂತೆ ದಾರಿ ತಡೆಯುತ್ತಾನೆ, ಹಿಂದಿನವನು ಕೈ ಹಾಕುತ್ತಾನೆ, ಸಿಕ್ಕಿದ್ದು ಕ್ಷಣದಲ್ಲಿ ಮೂರನೆಯವನಿಗೆ ದಾಟಿ ಅವನು ಹತ್ತದೆಯೇ ಹೋಗಿಬಿಡುತ್ತಾನೆ. ಆದ್ದರಿಂದ ಬಾಗಿಲಲ್ಲಿ ಕಾರಣವಿಲ್ಲದೆ ತಡೆಯುಂಟಾದರೆ, ಮುಂದೇನಾಗುತ್ತಿದೆ ಎಂದು ಇಣುಕುವ ಬದಲು ಚೀಲದ ಜಿಪ್ಪಿನ ಮೇಲೆ ಕೈಯಿಡಿ. ‘ಕಳ್ಳರಿದ್ದಾರೆ ಎಚ್ಚರಿಕೆ’ ಎಂಬ ಬರಹ ಕಂಡಾಗ ಜನ ತಮಗರಿವಿಲ್ಲದೆ ಪರ್ಸು ಇರುವ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಆ ಬರಹವನ್ನು ನಾವು ಓದಿಕೊಳ್ಳುವಾಗ ಕಳ್ಳರು ನಮ್ಮ ಕೈಗಳನ್ನು ಓದಿಕೊಂಡಿರುತ್ತಾರೆ.

ಬಸ್ಸಿನೊಳಗೆ ಮುಂಭಾಗದ ಆಸನಗಳು ಮಹಿಳೆಯರಿಗೆ ಮೀಸಲು. ಅಲ್ಲಿ ಕುಳಿತ ಪುರುಷ ಪ್ರಯಾಣಿಕರಿಗೆ ಬಿಎಂಟಿಸಿಯ ತನಿಖಾ ತಂಡಗಳು ದಂಡ ವಿಧಿಸುತ್ತವೆ. ಆದ್ದರಿಂದ ಸೀಟು ಬಿಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅವರು ಏಳದಿದ್ದರೆ ನಿರ್ವಾಹಕರಿಗೆ ಹೇಳಿ. ನಿಲ್ಲಲೇಬೇಕಾದರೆ ಚಾಲಕರ ಹಿಂದಿನ ಭಾಗದಲ್ಲಿ, ಬೆನ್ನು ಸೀಟಿಗೋ ಕಂಬಿಗೋ ತಾಗುವಂತೆ, ನಡುದಾರಿಗೆ ಮುಖಮಾಡಿ ನಿಲ್ಲಿ. ಕಿಟಕಿಯ ಪಕ್ಕ ಕುಳಿತಾಗ ಸಿಗ್ನಲ್‌ಗಳಲ್ಲಿ ಮೊಬೈಲ್ ಕೈಯಲ್ಲಿರದಿರಲಿ. ಇಯರ್‌ಫೋನ್ ಬೇಕೇ ಬೇಕೆಂದರೆ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ, ಇನ್ನೊಂದು ಕಿವಿ ಬಸ್ಸಿಗಿರಲಿ.

ಈಗ ನೀವು ನಿಜವಾಗಿ ಕೇಳಿರುವ ಪ್ರಶ್ನೆಗೆ ಬರುತ್ತೇನೆ: ಮತ್ತೆ ಹಾಗಾದರೆ ಬಾಯಿ ಬರುವಂತೆ ಮಾಡುವುದು ಹೇಗೆ? ಆ ಗಳಿಗೆಯಲ್ಲಿ ಏನು ಹೇಳಬೇಕೆಂದು ಯೋಚಿಸಿದರೆ ಬಾಯಿ ಬರುವುದಿಲ್ಲ; ಮಾತು ಮೊದಲೇ ಸಿದ್ಧವಿರಬೇಕು, ಅದೂ ಒಂದೇ ವಾಕ್ಯ. ಬಹುಮಂದಿ ತಡೆದುಕೊಳ್ಳುವುದು ‘ಬೇಕೆಂದು ಮಾಡಿದನೋ, ನೂಕಿನಲ್ಲಿ ಆಯಿತೋ’ ಎಂಬ ಸಂಶಯದಿಂದ. ಆ ಸಂಶಯವನ್ನು ಬಗೆಹರಿಸಬೇಕಾದ ಹೊಣೆ ನಿಮ್ಮದಲ್ಲ, ಏಕೆಂದರೆ ಮೊದಲ ವಾಕ್ಯ ಎರಡಕ್ಕೂ ಹೊಂದುವಂಥದ್ದು: ‘ಸ್ವಲ್ಪ ದೂರ ನಿಂತ್ಕೊಳ್ಳಿ.’ ಇದನ್ನು ಕೋಪವಿಲ್ಲದೆ, ಆದರೆ ಸುತ್ತಲಿನ ನಾಲ್ವರಿಗೆ ಕೇಳಿಸುವಂತೆ ಹೇಳಬೇಕು. ಅರಿಯದೆ ತಗುಲಿದವನು ಸರಿದುಕೊಳ್ಳುತ್ತಾನೆ, ಬಹುಶಃ ‘ಸಾರಿ’ ಎಂದೂ ಹೇಳುತ್ತಾನೆ. ಅವನಿಗೆ ಅವಮಾನವಾಗುವಂಥದ್ದು ಆ ಮಾತಿನಲ್ಲಿ ಏನೂ ಇಲ್ಲ. ಬೇಕೆಂದೇ ಮಾಡಿದವನಿಗೆ ತನ್ನ ಕಡೆ ಕಣ್ಣುಗಳು ತಿರುಗಿವೆಯೆಂದು ತಿಳಿಯುತ್ತದೆ, ಅಂಥವರಲ್ಲಿ ಹೆಚ್ಚಿನವರು ಅಷ್ಟಕ್ಕೇ ಜಾಗ ಬದಲಿಸುತ್ತಾರೆ. ಅವನು ಸರಿಯದಿದ್ದರೆ ಅಥವಾ ವಾದಕ್ಕಿಳಿದರೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆಗ ಎರಡನೆಯ ವಾಕ್ಯ: ‘ಕಂಡಕ್ಟರ್, ಈ ನೀಲಿ ಶರ್ಟಿನವರು ಮೈಮೇಲೆ ಬೀಳ್ತಿದ್ದಾರೆ, ಬಸ್ ನಿಲ್ಲಿಸಿ.’ ಇದರಲ್ಲಿ ಯಾರು, ಏನು, ನಿಮಗೇನು ಬೇಕು ಎಂಬ ಮೂರೂ ಇವೆ. ಅನುಚಿತವಾಗಿ ವರ್ತಿಸುವ ಪ್ರಯಾಣಿಕನನ್ನು ಕೆಳಗಿಳಿಸುವ ಅಧಿಕಾರ ನಿರ್ವಾಹಕರಿಗಿದೆ. ದೂರು ಕೊಡುವುದು ನಿಮ್ಮ ಇಚ್ಛೆಯಾದರೆ ಅವನನ್ನು ಇಳಿಸಿ ಕಳುಹಿಸದೆ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ಯುವಂತೆ ಕೇಳಿ. ಈ ಎರಡು ವಾಕ್ಯಗಳನ್ನು ಪಿಜಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ, ಗಂಟಲಿಗೆ ಅಭ್ಯಾಸವಾಗಬೇಕು. ತರಬೇತಿಗಳಲ್ಲಿ ಇದನ್ನು ಮಾಡಿಸುವಾಗ ಮೊದಮೊದಲು ಎಲ್ಲರೂ ನಗುತ್ತಾರೆ. ನಗು ನಿಂತ ಮೇಲೆ ಬರುವ ದನಿಯೇ ಬಸ್ಸಿನಲ್ಲಿ ಕೆಲಸಕ್ಕೆ ಬರುವ ದನಿ.

ಬಸ್ಸಿನ ತುಂಬ ಜನರಿದ್ದೂ ಯಾರೂ ಮಾತನಾಡಲಿಲ್ಲವೆಂಬ ಕಹಿ ನಿಮಗಿರಬಹುದು. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಕ್ಕದ ಕೋಣೆಯಲ್ಲಿರುವ ವ್ಯಕ್ತಿಗೆ ಅಪಸ್ಮಾರ ಬಂದಂತೆ ಧ್ವನಿ ಕೇಳಿಸಿದಾಗ, ಅದನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ವ್ಯಕ್ತಿಯ ಮಾತು ನಿಲ್ಲುವ ಮೊದಲೇ ನೆರವಿಗೆ ಎದ್ದರು. ತನ್ನಂತೆಯೇ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31ರಷ್ಟು ಮಾತ್ರ. ಜನ ಹೆಚ್ಚಿದಷ್ಟೂ ಹೊಣೆ ತೆಳುವಾಗಿ ಹಂಚಿಹೋಗುತ್ತದೆ. ಇದರಿಂದ ನಮಗೆ ಸಿಗುವ ಉಪಾಯವೆಂದರೆ ‘ಯಾರಾದರೂ ಸಹಾಯ ಮಾಡಿ’ ಎಂದು ಎಲ್ಲರನ್ನೂ ಕೂಗದೆ ಒಬ್ಬರನ್ನೇ ಆರಿಸಿ ಕೇಳುವುದು: ‘ಅಮ್ಮಾ, ನೀವು ಇತ್ತ ಬನ್ನಿ, ನನ್ನ ಪಕ್ಕ ನಿಲ್ಲಿ’, ‘ಅಣ್ಣಾ, ಕನ್ನಡಕ ಹಾಕಿಕೊಂಡಿರುವವರು, 112ಕ್ಕೆ ಫೋನ್ ಮಾಡಿ.’ ಹೆಸರಿಲ್ಲದ ಗುಂಪಿನಿಂದ ಹೊರಗೆಳೆದ ಕೂಡಲೇ ನಮ್ಮ ಜನ ಸಾಮಾನ್ಯವಾಗಿ ಕೈಬಿಡುವುದಿಲ್ಲ. ಆದರೆ ಗುಂಪು ಸೇರಿ ಹೊಡೆಯಲು ಮುಂದಾದರೆ ಬೇಡವೆನ್ನಿ. ಹೊಡೆತ ಬಿದ್ದ ಮೇಲೆ ನಿಮ್ಮ ದೂರು ಹಿಂದೆ ಸರಿದು ಹೊಡೆದಾಟದ ಪ್ರಕರಣವೇ ಮುಂದಕ್ಕೆ ಬರುತ್ತದೆ.

ಮೆಟ್ರೊದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಬಾಗಿಲ ಬಳಿ ತುರ್ತು ಗುಂಡಿಯಿದ್ದು, ಅದನ್ನು ಒತ್ತಿ ರೈಲಿನ ಚಾಲಕರೊಂದಿಗೆ ಮಾತನಾಡಬಹುದು. ಪ್ರವೇಶದಲ್ಲಿ ಚೀಲವನ್ನು ತಪಾಸಣೆಯ ಬೆಲ್ಟಿನ ಮೇಲೆ ಇಡುವುದು ಮೈತಪಾಸಣೆಗೆ ನಿಮ್ಮ ಸರದಿ ಬಂದಾಗ ಮಾತ್ರ, ಇಲ್ಲವಾದರೆ ಚೀಲ ಆಚೆ ಬದಿಯಲ್ಲಿ, ನೀವು ಈಚೆ ಸಾಲಿನಲ್ಲಿ ಉಳಿಯುತ್ತೀರಿ. ಮೆಟ್ರೊದಲ್ಲಿ ಈಚೆಗೆ ಕಾಣುತ್ತಿರುವ ಉಪದ್ರವವೆಂದರೆ ಗೊತ್ತಾಗದಂತೆ ಚಿತ್ರೀಕರಿಸುವುದು. ನಮ್ಮ ಮೆಟ್ರೊದಲ್ಲಿ ಮಹಿಳೆಯರ ವಿಡಿಯೊಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯೊಂದು 2025ರ ಮೇ ತಿಂಗಳಲ್ಲಿ ಬೆಳಕಿಗೆ ಬಂದು, ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಬಂಧಿಸಿದರು. ಎದುರಿನವನ ಮೊಬೈಲಿನ ಕ್ಯಾಮೆರಾ ಬಹಳ ಹೊತ್ತು ನಿಮ್ಮತ್ತಲೇ ಇದ್ದರೆ ಅವನ ಫೋನ್ ಕಿತ್ತುಕೊಳ್ಳಲು ಹೋಗಬೇಡಿ. ಜಾಗ ಬದಲಿಸಿ, ಆಮೇಲೂ ಕ್ಯಾಮೆರಾ ನಿಮ್ಮ ಕಡೆಗೇ ತಿರುಗಿದರೆ ಮುಂದಿನ ನಿಲ್ದಾಣದ ಸಿಬ್ಬಂದಿಗೆ ತಿಳಿಸಿ.

ಹೂಡಿಯಿಂದ ಪಿಜಿಯವರೆಗಿನ ನಡಿಗೆಗೆ ಮೊದಲ ಸಿದ್ಧತೆಯನ್ನು ಹಗಲಿನಲ್ಲಿ ಮಾಡಿಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಅದೇ ದಾರಿಯಲ್ಲಿ ನಿಧಾನವಾಗಿ ನಡೆದು, ರಾತ್ರಿ ಹತ್ತೂವರೆಯಲ್ಲೂ ತೆರೆದಿರುವ ಮೆಡಿಕಲ್ ಶಾಪ್ ಯಾವುದು, ಕಾವಲುಗಾರರು ಇರುವ ಅಪಾರ್ಟ್‌ಮೆಂಟಿನ ಗೇಟು ಯಾವುದು, ಯಾವ ತಿರುವಿನಲ್ಲಿ ಬೀದಿದೀಪವಿಲ್ಲ ಎಂದು ವಿಚಾರಿಸಿ ನೋಡಿಕೊಳ್ಳಿ. ಎರಡು ನಿಮಿಷ ಹೆಚ್ಚಾದರೂ ಬೆಳಕಿನ ದಾರಿಯೇ ನಿಮ್ಮ ದಾರಿ. ನಿಲ್ದಾಣದ ಮೆಟ್ಟಿಲಿಳಿಯುವ ಮುನ್ನ ಒಳಗೇ ನಿಂತು ಮೊಬೈಲಿನ ಕೆಲಸಗಳನ್ನು ಮುಗಿಸಿ, ಕೀಲಿ ಕೈಗೆ ತೆಗೆದುಕೊಂಡು, ಆಮೇಲೆ ಹೊರಡಿ. ಯಾರೋ ಹಿಂದೆ ಬರುತ್ತಿದ್ದಾರೆಂದು ಅನ್ನಿಸಿದರೆ ರಸ್ತೆ ದಾಟಿ ನೋಡಿ. ಅವರೂ ದಾಟಿದರೆ ಪಿಜಿಯ ಕಡೆಗೆ ಹೋಗಲೇಬೇಡಿ, ಏಕೆಂದರೆ ನಿಮ್ಮ ವಾಸದ ಜಾಗ ಅವರಿಗೆ ತಿಳಿಯಬಾರದು. ಗುರುತಿಟ್ಟುಕೊಂಡ ಅಂಗಡಿಯೊಳಗೆ ಹೋಗಿ 112ಕ್ಕೆ ಕರೆ ಮಾಡಿ. ಆ ಕರೆಯ ಮೇಲೆ ಬರುವುದು ಪೊಲೀಸರ ಹೊಯ್ಸಳ ಗಸ್ತು ವಾಹನ. ಏನೂ ಆಗಿಲ್ಲದಿರುವಾಗ ಕರೆ ಮಾಡಿದರೆ ಬೈಯುತ್ತಾರೇನೋ ಎಂಬ ಅಳುಕು ಬೇಡ, ಹಿಂಬಾಲಿಸುತ್ತಿದ್ದಾರೆಂಬ ಅನುಮಾನವೇ ಸಾಕಷ್ಟು ಕಾರಣ. ಒಬ್ಬನೇ ವ್ಯಕ್ತಿ ನಿಮ್ಮ ನಿರಾಸಕ್ತಿ ತಿಳಿದೂ ಮತ್ತೆ ಮತ್ತೆ ಬೆನ್ನುಬಿದ್ದರೆ ಅದು ನ್ಯಾಯ ಸಂಹಿತೆಯ ಸೆಕ್ಷನ್ 78ರ ಅಪರಾಧ.

2017ರಿಂದ ದೇಶದಲ್ಲಿ ಮಾರಾಟವಾಗುವ ಮೊಬೈಲ್‌ಗಳಲ್ಲಿ ತುರ್ತು ಗುಂಡಿಯ ಸೌಲಭ್ಯ ಕಡ್ಡಾಯವಾಗಿದೆ. ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಸ್ಮಾರ್ಟ್‌ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಬಾರಿ, ಕೆಲವದರಲ್ಲಿ ಐದು ಬಾರಿ ಒತ್ತಬೇಕು. ನಿಮ್ಮದರಲ್ಲಿ ಹೇಗಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಇಂದೇ ನೋಡಿಡಿ. ಹಾಗೆಯೇ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನು (ನಿಮ್ಮ ಫೋನಿನ ಗುರುತಿನ ಸಂಖ್ಯೆ) ಫೋನಿನ ಹೊರಗೆ, ಒಂದು ಕಾಗದದಲ್ಲಿ ಬರೆದಿಡಿ. ಮೊಬೈಲ್ ಕಳುವಾದರೆ ಸಿಮ್ ಮತ್ತು ಯುಪಿಐ ನಿಲ್ಲಿಸುವುದು ಮೊದಲ ಕೆಲಸ, ಪೊಲೀಸ್ ದೂರು ಎರಡನೆಯದು. ದೂರಿನ ಪ್ರತಿ ಮತ್ತು ಆ ಸಂಖ್ಯೆಯಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಫೋನನ್ನು ಯಾವ ನೆಟ್‌ವರ್ಕ್‌ನಲ್ಲೂ ಬಳಸದಂತೆ ತಡೆಯಬಹುದು.

ಕಿರುಕುಳದ ದೂರಿನ ವಿಷಯದಲ್ಲಿ ‘ಅದು ನಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಕೇಳಿ ಹಿಂದಿರುಗಬೇಡಿ. ಚಲಿಸುವ ಬಸ್ಸಿನಲ್ಲಿ ನಡೆದ ಕೃತ್ಯಕ್ಕೆ ವ್ಯಾಪ್ತಿ ಯಾವುದೆಂದು ಹುಡುಕುತ್ತಾ ಕೂರುವ ಅಗತ್ಯವಿಲ್ಲ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು, ಇ–ಮೇಲ್‌ನಂತಹ ವಿದ್ಯುನ್ಮಾನ ವಿಧಾನದಲ್ಲಿ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ನಿರ್ಭಯಾ ನಿಧಿಯ ನೆರವಿನಿಂದ ಬಿಎಂಟಿಸಿ ಬಸ್ಸುಗಳಲ್ಲಿ ಸಿಸಿಟಿವಿ ಕ್ಯಾಮೆರಾ ಮತ್ತು ತುರ್ತು ಗುಂಡಿಗಳನ್ನು ಅಳವಡಿಸಲಾಗಿದೆ, ಆದರೆ ದೃಶ್ಯಗಳು ಬಹುಕಾಲ ಉಳಿಯುವುದಿಲ್ಲ. ಆದ್ದರಿಂದ ಟಿಕೆಟ್ ಬಿಸಾಡದೆ, ಬಸ್ಸಿನ ನೋಂದಣಿ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ಅಂದೇ ದೂರು ಕೊಡುವುದು ಒಳ್ಳೆಯದು. ಕಳೆದ ತಿಂಗಳ ಘಟನೆಗೂ ದೂರು ಕೊಡುವ ಹಕ್ಕು ನಿಮಗಿದೆ; ಕೊಡಲೇಬೇಕೆಂಬ ಒತ್ತಾಯ ಮಾತ್ರ ನನ್ನದಲ್ಲ.

ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿಕ್ಕಿರಿದ ಬಸ್ಸಿನೊಳಗೆ ಅದನ್ನು ಬಳಸಿದರೆ ನಿಮ್ಮ ಕಣ್ಣೂ ಪಕ್ಕದ ಮಗುವಿನ ಕಣ್ಣೂ ಉರಿಯುತ್ತವೆ. ಒಂಟಿ ನಡಿಗೆಯಲ್ಲಿ ಅದಕ್ಕೊಂದು ಉಪಯೋಗವಿರಬಹುದು. ಚೀಲದ ತಳದಲ್ಲಿದ್ದರೆ ಅದೂ ಇಲ್ಲ.

ಎದೆ ಹೊಡೆದುಕೊಳ್ಳುವುದರ ಬಗ್ಗೆ: ಯಾರೋ ಪಕ್ಕಕ್ಕೆ ಬಂದಾಗ ಹಾಗಾದರೆ, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಡಿ; ನಾಲ್ಕಾರು ಉಸಿರಿನಲ್ಲಿ ಅದು ತಗ್ಗಲು ತೊಡಗುತ್ತದೆ. ಆಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ವ್ಯಕ್ತಿ ಏನಾದರೂ ಮಾಡುತ್ತಿದ್ದಾನೆಯೇ, ಅಥವಾ ಸುಮ್ಮನೆ ಇದ್ದಾನೆಯೇ? ಮೈಗೆ ತಾಗುವುದು, ದಾರಿ ತಡೆಯುವುದು, ನೀವು ಜಾಗ ಬದಲಿಸಿದಾಗ ತಾನೂ ಬದಲಿಸುವುದು ಇವು ನಡತೆಗಳು. ಬಟ್ಟೆ, ಭಾಷೆ, ಮುಖಚಹರೆ ನಡತೆಗಳಲ್ಲ. ಹೀಗೆ ನಡತೆಯನ್ನಷ್ಟೇ ಗಮನಿಸಿದರೆ ನೋಡಬೇಕಾದ ಜನರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ನಿದ್ದೆ ಕೆಡುವುದು, ಘಟನೆ ಮರುಕಳಿಸಿದಂತೆ ಕಾಣುವುದು, ಬಸ್ಸು ಹತ್ತಲಾಗದೆ ಕೆಲಸ ತಪ್ಪುವುದು ಇನ್ನೂ ಮುಂದುವರಿದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನಮ್ಮ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿರುವ ಈ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಕಂಪನಿಯ ವಾಹನ ಏಕಿಲ್ಲ? ಕರ್ನಾಟಕದಲ್ಲಿ ರಾತ್ರಿ ಪಾಳಿಯಲ್ಲಿ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಸಂಸ್ಥೆಗಳು ಅವರಿಗೆ ಸಾರಿಗೆ ಮತ್ತು ಭದ್ರತೆ ಒದಗಿಸಬೇಕೆಂಬ ಷರತ್ತು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಇದೆ. ಒಂಬತ್ತೂವರೆಗೆ ಮುಗಿಯುವ ನಿಮ್ಮ ಪಾಳಿಗೆ ಇದು ಹೇಗೆ ಅನ್ವಯಿಸುತ್ತದೆಂದು ಎಚ್‌ಆರ್ ವಿಭಾಗಕ್ಕೆ ಬಾಯಿಮಾತಿನಲ್ಲಿ ಕೇಳದೆ ಇ–ಮೇಲ್‌ನಲ್ಲಿ ಕೇಳಿ, ಅದೇ ಪಾಳಿಯ ಇನ್ನಿಬ್ಬರು ಮೂವರ ಹೆಸರೂ ಅದರಲ್ಲಿರಲಿ. ವಾಹನ ಸಿಕ್ಕರೆ, ಅದರೊಳಗೆ ನಡೆಯುವ ಕಿರುಕುಳವೂ ಉದ್ಯೋಗಸ್ಥ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ಸ್ಥಳದಲ್ಲಿ ನಡೆದ ಕಿರುಕುಳವೆಂದೇ ಪರಿಗಣಿತವಾಗುತ್ತದೆ.

ಕೊನೆಯದಾಗಿ ನಿಮ್ಮ ತಾಯಿಯವರ ಸಲಹೆ. ಅವರ ಆತಂಕ ಅರ್ಥವಾಗುವಂಥದ್ದು, ಆದರೆ ಮಾತಿನಲ್ಲಿ ಮುಳುಗಿದ ಕಿವಿಗೆ ಹಿಂದಿನ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ, ಕಿವಿಗೆ ಹಿಡಿದ ಫೋನ್ ಕಳ್ಳನಿಗೂ ಸುಲಭ. ಶಿವಮೊಗ್ಗದಲ್ಲಿರುವವರು ನೀವು ತೊಂದರೆಯಲ್ಲಿದ್ದೀರೆಂದು ತಿಳಿದರೂ ಹತ್ತು ನಿಮಿಷದಲ್ಲಿ ಬರಲಾರರು. ನಿಮ್ಮ ಚಲಿಸುವ ಲೊಕೇಶನ್ ಅನ್ನು ಪಿಜಿಯಲ್ಲಿ ಆ ಹೊತ್ತಿಗೆ ಎಚ್ಚರವಿರುವ ಒಬ್ಬ ಗೆಳತಿಗೆ ಕಳುಹಿಸಿ, ಇಷ್ಟು ಗಂಟೆಯೊಳಗೆ ಬಾರದಿದ್ದರೆ ಮೊದಲು ನಿಮಗೆ, ನೀವು ಎತ್ತದಿದ್ದರೆ 112ಕ್ಕೆ ಕರೆ ಮಾಡಬೇಕೆಂದು ಮಾತಾಡಿಕೊಂಡಿರಿ. ಅಮ್ಮನಿಗೆ ಬಸ್ಸು ಹತ್ತಿದಾಗ ಒಂದು ಸಂದೇಶ, ಪಿಜಿಯ ಒಳಗೆ ಬಂದ ಮೇಲೆ ಒಂದು ಕರೆ, ಇಷ್ಟನ್ನು ತಪ್ಪದೆ ಮಾಡಿ. ಮೊದಲ ವಾರ ಅವರು ನಡುವೆ ಫೋನ್ ಮಾಡಿಯೇ ಮಾಡುತ್ತಾರೆ. ‘ನಡೀತಾ ಇದ್ದೀನಿ ಅಮ್ಮ, ಸೇರಿದ ಕೂಡ್ಲೇ ಮಾಡ್ತೀನಿ’ ಎಂದು ಹೇಳಿ ಇಟ್ಟುಬಿಡಿ.